ಕೋಳಿ ಸತ್ತ ಸುದ್ದಿ ಏಕೆ ಹೊರಬೀಳುವುದಿಲ್ಲ?

ಹಕ್ಕಿ ಜ್ವರ ಹರಡಿದಾಗಲೆಲ್ಲ ಜನರ ಅಜ್ಞಾನವನ್ನು ದೂರುವುದು ವಾಡಿಕೆಯಾಗಿಬಿಟ್ಟಿದೆ. ರೋಗವನ್ನು ಬಚ್ಚಿಡುವುದು ಅಜ್ಞಾನದಿಂದಲ್ಲ, ನಷ್ಟದ ಭಯದಿಂದ ಎಂಬುದೇ ನಮ್ಮ ವಾದ.

2012ರ ಅಕ್ಟೋಬರಿನಲ್ಲಿ ಪೀಣ್ಯದಾಚೆಯ ಹೆಸರಘಟ್ಟದಲ್ಲಿ, ಕೇಂದ್ರ ಸರಕಾರದ ಕೋಳಿ ಸಾಕಣೆ ಕೇಂದ್ರದಲ್ಲೇ ಟರ್ಕಿ ಕೋಳಿಗಳು ರಾಶಿರಾಶಿಯಾಗಿ ಸತ್ತವು. ಭೋಪಾಲದ ಪ್ರಯೋಗಶಾಲೆಯು ಅದನ್ನು ಎಚ್‌5ಎನ್‌1 ಎಂದು ಖಚಿತಪಡಿಸಿತು. ಪಶುವೈದ್ಯರು ಬಳಿಯಲ್ಲೇ ಇದ್ದರು, ಯಾರ ಸ್ವಂತ ಬಂಡವಾಳವೂ ಮುಳುಗುವಂತಿರಲಿಲ್ಲ, ಸುದ್ದಿ ಹೊರಬಿತ್ತು. ಆದರೆ 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಸತ್ತದ್ದು ಹಳ್ಳಿಯವರ ಮನೆಕೋಳಿಗಳು. ಅಂಥ ಮನೆಯವರ ಲೆಕ್ಕವೇ ಬೇರೆ.

ಸರಕಾರವು ಪರಿಹಾರ ಕೊಡುವುದು ತಾನು ಕೊಲ್ಲಿಸಿದ ಹಕ್ಕಿಗೆ. ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಕಾಸೂ ಇಲ್ಲ. ಹೀಗಿರುವಾಗ ನಾಲ್ಕು ಕೋಳಿ ಸತ್ತೊಡನೆ ಬಡವನು ಏನು ಮಾಡಿಯಾನು? ಉಳಿದವನ್ನು ಸಿಕ್ಕಿದ ಬೆಲೆಗೆ ಮಾರಿಯಾನು. ಆ ಕೋಳಿಯೇ ಭಾನುವಾರ ನಮ್ಮ ಕಾರ್ಮಿಕರ ಬಡಾವಣೆಯ ಅಂಗಡಿಗೆ ಬಂದೀತು. ರೋಗ ಕಂಡ ಸ್ಥಳದ ಒಂದು ಕಿಲೋಮೀಟರಿನೊಳಗೆ ವ್ಯಾಪಾರ ನಿಲ್ಲುತ್ತದೆ. ಅಂಗಡಿಯವನ ಬಾಡಿಗೆ, ಕೋಳಿ ಕತ್ತರಿಸುವ ಹುಡುಗನ ದಿನಗೂಲಿ, ಇವನ್ನು ತುಂಬಿಕೊಡುವವರು ಯಾರು?

ಇದು ಕೋಳಿಗಳ ಮಾತಷ್ಟೇ ಅಲ್ಲ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ಈ ರೋಗ ತಗುಲಿ 6 ಮಂದಿ ಸತ್ತರು. 2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ತಗುಲಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಳಿಯಲಿಲ್ಲ. 2021ರಲ್ಲಿ ಹರಿಯಾಣದ ಬಾಲಕನೊಬ್ಬನು ತೀರಿಕೊಂಡನು. ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡುವ ಶಕ್ತಿ ಈ ವೈರಸ್ಸಿಗೆ ಇನ್ನೂ ಬಂದಿಲ್ಲ. ಆದರೆ ಮನುಷ್ಯನ ಮೈ ಸೇರಿದಾಗಲೆಲ್ಲ ಅದಕ್ಕೆ ಮಾರ್ಪಾಡಾಗುವ ಅವಕಾಶ ಸಿಗುತ್ತದೆ. ಮೊದಲು ಅಪಾಯಕ್ಕೆ ಸಿಲುಕುವವರು ಕೋಳಿ ಸಾಕುವ, ಹೊರುವ, ಕತ್ತರಿಸುವ ಕೂಲಿಯವರು. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಗಳಿಗೆ ಹೆದರಬೇಕಿಲ್ಲ. ಗಾಳಿಸುದ್ದಿ ಹಬ್ಬಿಸಿ ಸಣ್ಣ ವ್ಯಾಪಾರಿಯ ಹೊಟ್ಟೆಗೆ ಹೊಡೆಯಬೇಕಾಗಿಯೂ ಇಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಕೂಡಲೇ ತಿಳಿಸಿದವರಿಗೆ, ಅದಾಗಲೇ ಸತ್ತ ಕೋಳಿಗೂ ಸೇರಿಸಿ, ಹದಿನೈದು ದಿನದೊಳಗೆ ಪರಿಹಾರ ಕೈಸೇರಬೇಕು. ಮುಚ್ಚಿಸಿದ ಅಂಗಡಿಯ ಬಾಡಿಗೆ ಹಾಗೂ ಕೂಲಿಯನ್ನು ಸರಕಾರವೇ ಭರಿಸಬೇಕು. ಕೋಳಿ ಕೆಲಸದವರಿಗೆಲ್ಲ ಕೈಗವಸು, ಮುಖಗವಸು, ವೈದ್ಯ ತಪಾಸಣೆಗಳನ್ನು ಪುಕ್ಕಟೆಯಾಗಿ ಒದಗಿಸಬೇಕು.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ! ರೋಗವನ್ನು ಮೊದಲು ಕಾಣುವವಳು ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆಯುವ ಹೆಂಗಸು. ದನದ ಆಸ್ಪತ್ರೆಗೆ ಹೋಗಿ ನಿಜ ಹೇಳಿದ ತಪ್ಪಿಗೆ ಅವಳು ಉಪವಾಸ ಬೀಳಬಾರದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳುಹಿಸಿರಿ.