ಕೋಟೆಗೊಂದು ಅರ್ಜಿ, ಚರಂಡಿಗೊಂದು ಅರ್ಜಿ

ರಾಯಚೂರು ಕೋಟೆಯ ಒಳಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ನೆಯ ಇಸವಿಯ ತೆಲುಗು ಶಾಸನವಿದೆ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ದಂಡನಾಯಕ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು ಈ ಗೋಡೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನುವ ಎಂದರೆ ಇಂದಿನ ಮಾನ್ವಿ. ಏಳುನೂರು ವರ್ಷಗಳಿಂದ ಮಾನ್ವಿಯ ಹೆಸರು ರಾಯಚೂರಿನ ಗೋಡೆಯ ಮೇಲಿದೆ ಎಂಬುದು ಮಾನ್ವಿಯಿಂದ ದಿನಾ ಬಸ್ಸು ಹತ್ತಿ ರಾಯಚೂರಿಗೆ ಬರುವ ಎಷ್ಟು ಮಂದಿಗೆ ಗೊತ್ತಿದೆ?

ಅಕ್ಷರಗಳಿಗಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿರುವ ರೇಖಾಚಿತ್ರ. ಇದೇ ಕಲ್ಲನ್ನು ಕಣಿಯಿಂದ ಕೋಟೆಗೆ ಹೇಗೆ ತಂದರು ಎಂಬುದನ್ನು ಕೊರೆದಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ನೊಗ ಹೊತ್ತ ಜಾನುವಾರುಗಳ ಉದ್ದನೆಯ ಸಾಲು, ಅವನ್ನು ಹೊಡೆಯುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಶಾಸನದಲ್ಲಿ ದಂಡನಾಯಕನ ಹೆಸರಿದೆ, ಒಡೆಯನ ಹೆಸರಿದೆ. ಬಂಡಿ ನೂಕಿದವರ ಹೆಸರಿಲ್ಲ. ಆದರೆ ಅವರ ಮೈಬೆವರಿನ ದಾಖಲೆ ಇದೆ. ಕೋಟೆ ಕಟ್ಟಿಸಿದವರನ್ನು ಹೊಗಳುವ ಶಾಸನಗಳು ಈ ನಾಡಿನಲ್ಲಿ ಸಾವಿರಾರಿವೆ. ಕಲ್ಲು ಹೊತ್ತವರನ್ನು ಕಲ್ಲಿನ ಮೇಲೇ ತೋರಿಸಿದ್ದು ಬಲು ಅಪರೂಪ.

ಪ್ರತಿ ವರ್ಷ ಕಾರಹುಣ್ಣಿಮೆಗೆ ರಾಯಚೂರಿನ ಮುನ್ನೂರು ಕಾಪು ಸಮಾಜ ಮುಂಗಾರು ಹಬ್ಬ ನಡೆಸುತ್ತದೆ. ಜೋಡೆತ್ತುಗಳಿಂದ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ ಅದರ ಜೀವಾಳ. ಜಿಲ್ಲೆಯ ರೈತರಲ್ಲದೆ ಆಂಧ್ರ, ತೆಲಂಗಾಣದವರೂ ಎತ್ತು ಹೊಡೆದುಕೊಂಡು ಬರುತ್ತಾರೆ. ಬಿಸಿಲಿಗೆ ಒಣಗಿದ ನೆಲದ ಮೇಲೆ ಕಲ್ಲು ಜರುಗುವಾಗ ಏಳುವ ಧೂಳು, ಜನರ ಕೇಕೆ, ಎತ್ತಿನ ಬೆನ್ನು ಸವರಿ ಸಮಾಧಾನ ಹೇಳುವ ಒಡೆಯ: ಇದನ್ನು ನೋಡಿ ಬಂದವರು ಆಮೇಲೆ ಕೋಟೆಯ ಗೋಡೆಯ ಮುಂದೆ ನಿಂತರೆ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಈ ಹಬ್ಬ ಆ ಚಿತ್ರದಿಂದಲೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವೂ ಇಲ್ಲ. ಒಕ್ಕಲುತನದ ನಾಡಿನಲ್ಲಿ ಎತ್ತು, ಕಲ್ಲು, ನೊಗ ಎಲ್ಲ ಕಾಲಕ್ಕೂ ಇದ್ದವು. ಆದರೂ ಒಂದೇ ಊರಿನಲ್ಲಿ ಎರಡೂ ಇವೆ. ಹಬ್ಬವನ್ನು ಒಂದು ಸಮಾಜ ತನ್ನ ಕೈಯಿಂದ ಖರ್ಚು ಹಾಕಿ ಉಳಿಸಿಕೊಂಡಿದೆ. ಗೋಡೆಯ ಚಿತ್ರವನ್ನು ತನ್ನದೆಂದು ಹೇಳುವವರು ಮಾತ್ರ ಇನ್ನೂ ಬಂದಿಲ್ಲ.

ಯಾರು ಹೇಳಬೇಕು? ಕೋಟೆಯೊಳಗೆ, ಅದರ ಸುತ್ತ ಬದುಕುತ್ತಿರುವವರು. ಅಂದ್ರೂನ್ ಕಿಲ್ಲಾ, ಬೇರೂನ್ ಕಿಲ್ಲಾ, ಸಿಯಾತಲಾಬ್ ಇವೆಲ್ಲ ಇಂದಿಗೂ ರಾಯಚೂರಿನ ಬಡಾವಣೆಗಳು. ಅಂಚೆಯವನು ಕಾಗದ ಹಂಚುವ ವಿಳಾಸಗಳು. ಬೇರೆ ಊರುಗಳಲ್ಲಿ ಸ್ಮಾರಕ ಊರ ಹೊರಗೆ ಬೇಲಿಯೊಳಗೆ ಇರುತ್ತದೆ, ರಜೆಯ ದಿನ ಹೋಗಿ ನೋಡಿ ಬರುತ್ತಾರೆ. ಇಲ್ಲಿ ಕಾಕತೀಯರ ಗೋಡೆಯ ಒಳಗೇ ಸಂತೆ, ಮನೆ, ಮಸೀದಿ, ಗುಡಿ. ನೌರಂಗಿ ದರ್ವಾಜಾ, ಕಾಟಿ ದರ್ವಾಜಾ, ಮೆಕ್ಕಾ ದರ್ವಾಜಾಗಳು ಓಡಾಡುವ ದಾರಿಯ ಗುರುತುಗಳು. 1513ರಲ್ಲಿ ಬಹಮನಿ ಸುಲ್ತಾನ ಮಹಮೂದ್ ಷಾನ ಕಾಲದಲ್ಲಿ ಕಟ್ಟಿದ ಏಕ್ ಮಿನಾರ್ ಮಸೀದಿಯ ನೆರಳಿನಲ್ಲಿ ಇಂದಿಗೂ ದಿನದ ವ್ಯಾಪಾರ ನಡೆಯುತ್ತದೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ಗೆದ್ದ ಕೋಟೆ ಇದು. ಆ ಯುದ್ಧದ ಕಥೆಯನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟದ್ದರಿಂದ ದೂರದ ವಿಶ್ವವಿದ್ಯಾಲಯಗಳ ಇತಿಹಾಸಕಾರರಿಗೂ ರಾಯಚೂರು ಗೊತ್ತು.

ಆ ಕೋಟೆಯ ಕಂದಕಕ್ಕೆ ಇಂದು ಹರಿದು ಬರುವುದು ಓಣಿಗಳ ಚರಂಡಿ ನೀರು. ಮಗ್ಗುಲಲ್ಲೇ ಇರುವ ಮಾವಿನಕೆರೆ, ಹಳೆಯವರು ಆಮ್ ತಲಾಬ್ ಎನ್ನುವ ಕೆರೆ, ಒತ್ತುವರಿ ಮತ್ತು ಕೊಳಚೆಯ ಸುದ್ದಿಯಾಗಿ ಮಾತ್ರ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಶತ್ರುವನ್ನು ತಡೆಯಲು ತೋಡಿದ ಕಂದಕ, ಊರಿನ ಬಾಯಾರಿಕೆ ತಣಿಸಲು ಕಟ್ಟಿದ ಕೆರೆ ಎರಡೂ ನೀರನ್ನು ಹಿಡಿದಿಡುವ ವ್ಯವಸ್ಥೆಗಳೇ ಆಗಿದ್ದವು. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ 2022ರ ಬೇಸಿಗೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅದನ್ನು ಮರೆಯಲು ನಮಗೆ ಹಕ್ಕಿಲ್ಲ.

ಇಲ್ಲಿಯೇ ನಾನು ಹೇಳಬೇಕಾದ ಮಾತು ಇರುವುದು. ನಮ್ಮ ನಾಗರಿಕ ಸಮಿತಿಗಳು ಎರಡು ಬಗೆ. ಒಂದು ಬಗೆಯವರು ಚರಂಡಿ, ರಸ್ತೆ, ಬೀದಿದೀಪ, ನೀರು ಎಂದು ಪಾಲಿಕೆಗೆ ಹೋಗುತ್ತಾರೆ. ಇನ್ನೊಂದು ಬಗೆಯವರು ಕೋಟೆ, ಶಾಸನ, ಗುಡಿ ಎಂದು ಪುರಾತತ್ವ ಇಲಾಖೆಗೆ ಬರೆಯುತ್ತಾರೆ. ಮನವಿ ಪತ್ರಗಳೂ ಬೇರೆ ಬೇರೆ: ‘ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ, ಒಂದು ಚರಂಡಿಯಲ್ಲಿ ಮುಗಿಯುತ್ತದೆ, ಇನ್ನೊಂದು ಕೋಟೆಯಲ್ಲಿ ಮುಗಿಯುತ್ತದೆ. ಪಾಲಿಕೆ, ಸ್ಮಾರಕದ ಕೆಲಸ ನಮ್ಮದಲ್ಲ ಎನ್ನುತ್ತದೆ. ಪುರಾತತ್ವದವರು, ಕೊಳಚೆ ನಮ್ಮದಲ್ಲ ಎನ್ನುತ್ತಾರೆ. ಎರಡೂ ಉತ್ತರ ಕಾಗದದ ಮೇಲೆ ಸರಿ. ಆದರೆ ಕೊಳಚೆ ಹೋಗಿ ನಿಲ್ಲುವುದು ಕಂದಕದಲ್ಲೇ. ಚರಂಡಿಯ ಅರ್ಜಿಯೇ ಕೋಟೆಯ ಅರ್ಜಿ. ಹಾಗೆ ಒಂದೇ ಕಾಗದದಲ್ಲಿ ಬರೆದು, ಎರಡೂ ಇಲಾಖೆಯವರನ್ನು ಜಿಲ್ಲಾಧಿಕಾರಿಗಳ ಮುಂದೆ ಒಂದೇ ಮೇಜಿಗೆ ಕೂರಿಸುವ ಓಣಿಯ ಸಂಘಟನೆ ರಾಯಚೂರಿಗೆ ಬೇಕು.

ಈ ಊರಿಗೆ ಸಂಘಟನೆ ಹೊಸದಲ್ಲ. 1920ರ ದಶಕದಲ್ಲಿ ಪಂಡಿತ ತಾರಾನಾಥರು ಇಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದಾಗ ಇದು ನಿಜಾಮರ ಸೀಮೆ. ರಾಷ್ಟ್ರೀಯ ಶಿಕ್ಷಣದ ಮಾತೆತ್ತಿದರೆ ಸರ್ಕಾರದ ಕೆಂಗಣ್ಣು. ತಾರಾನಾಥರು ಕೊನೆಗೆ ತುಂಗಭದ್ರೆಯ ಆಚೆ ಹೋಗಿ ಪ್ರೇಮಾಯತನ ಕಟ್ಟಿಕೊಳ್ಳಬೇಕಾಯಿತು. ಶಾಲೆ ಉಳಿಯಿತು. 1934ರಲ್ಲಿ, ಅದೇ ನಿಜಾಮರ ಆಳ್ವಿಕೆಯಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಈ ಊರಿನವರು ನಡೆಸಿದರು. ಈಚಿನ ಮಾತು ಬೇಕೆಂದರೆ ಏಮ್ಸ್ ಹೋರಾಟ ಇದೆ. ಐಐಟಿ ಧಾರವಾಡಕ್ಕೆ ಹೋಯಿತು, ಏಮ್ಸ್ ಆದರೂ ರಾಯಚೂರಿಗೆ ಬರಲಿ ಎಂದು 2022ರ ಮೇ 13ರಂದು ಆರಂಭವಾದ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಎಂದರೆ ಮೂರು ಬೇಸಿಗೆ. ರಾಯಚೂರಿನ ಬೇಸಿಗೆ ಎಂಥದ್ದೆಂದು ಓದುಗರಿಗೆ ನಾನು ಹೇಳಬೇಕಿಲ್ಲ. ಅಷ್ಟು ತಾಳ್ಮೆ ಇರುವ ಊರು ತನ್ನ ಕೋಟೆಯ ಕಂದಕದ ವಿಷಯದಲ್ಲಿ ಸುಮ್ಮನಿದೆಯೆಂದರೆ ಅದು ಆಲಸ್ಯವಲ್ಲ. ಕಂದಕವನ್ನು ಯಾರೂ ಬದುಕಿನ ಪ್ರಶ್ನೆಯೆಂದು ಮುಂದಿಟ್ಟಿಲ್ಲ, ಅಷ್ಟೇ.

ದೇವದುರ್ಗ, ಮಾನ್ವಿಗಳಲ್ಲಿ ಪರಂಪರೆಯ ಬಗೆ ಬೇರೆ. ಅಲ್ಲಿ ಕೋಟೆಗಿಂತ ದೊಡ್ಡದು ಹಾಡು. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ಸೀಮೆಯ ತುಂಗಭದ್ರೆಯ ದಂಡೆಯ ಹಳ್ಳಿ. ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಮೂರು ದೊಡ್ಡ ಹೆಸರುಗಳು ಈ ಒಂದು ಸೀಮೆಯಲ್ಲಿ, ಗುರುಶಿಷ್ಯ ಸಂಬಂಧದಲ್ಲಿ ಬೆಳೆದವು. ಆರಾಧನೆಗೆ ಭಕ್ತರು ಬರುತ್ತಾರೆ, ಭಜನೆ ನಡೆಯುತ್ತದೆ. ಬಂದವರು ನಡೆಯುವ ದಾರಿ, ಕುಡಿಯುವ ನೀರು, ಶೌಚಾಲಯ ಇವು ಹಳ್ಳಿಯವರಿಗೂ ಬೇಕಾದವೇ. ದಾಸರ ಹೆಸರಿನಲ್ಲಿ ಕೇಳಿದ ರಸ್ತೆ ಊರಿಗೆ ರಸ್ತೆಯಾಗುತ್ತದೆ. ಇಲ್ಲೂ ಅದೇ ಮಾತು: ಒಂದು ಅರ್ಜಿ ಸಾಕು.

ದೇವದುರ್ಗ ತಾಲ್ಲೂಕಿನ ಗಬ್ಬೂರಿನದು ಬೇರೆಯೇ ಸಂಕಟ. ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಒಂದೇ ಊರಿನಲ್ಲಿ ಅಷ್ಟಿವೆ ಎಂದರೆ ನೋಡದವರು ನಂಬುವುದಿಲ್ಲ. ಇಂಥ ಊರುಗಳಲ್ಲಿ ಹಳೆಯ ಕಲ್ಲು ಮನೆಯ ಮೆಟ್ಟಿಲಾಗುವುದು, ದನ ಕಟ್ಟುವ ಗೂಟದ ಪಕ್ಕದ ಆಸರೆಯಾಗುವುದು ಕರ್ನಾಟಕದಾದ್ಯಂತ ಕಂಡ ಕಥೆ. ಅದಕ್ಕೆ ಜನರನ್ನು ಬೈಯುವುದು ಸುಲಭ. ಆದರೆ ಓದಿ ಹೇಳುವವರು ಬಾರದ ಊರಿನಲ್ಲಿ ಶಾಸನವೂ ಕಲ್ಲೇ.

ಓದಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಹೆಬ್ಬಾಳ ಸಾಕ್ಷಿ. 2018ರಲ್ಲಿ ಅಲ್ಲಿ ಚರಂಡಿ ತೋಡುವಾಗ ಒಂದು ವೀರಗಲ್ಲು ಸಿಕ್ಕಿತು. ಅದು ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ, ಕಿತ್ತಯ್ಯ ಎಂಬ ವೀರನ ಕಲ್ಲು; ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ ಎಂದು ಆಸಕ್ತರು ಗುರುತಿಸಿ ಓಣಿಯವರಿಗೆ ಓದಿ ಹೇಳಿದರು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಕಲ್ಲು ಊರಿನ ಹಿರಿಯನಾಯಿತು. ನಾಗರಿಕರು ಹಣ ಕೂಡಿಸಿ ಅದಕ್ಕೆ ಮಂಟಪ ಕಟ್ಟಿಸಿದರು. ಮುಂದೆ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿ ದಾಖಲಿಸುವ ಕೆಲಸಕ್ಕೆ ಕೈಹಾಕಿತು. ಇದು ಹಣವಿರುವ ನಗರದ ಕಥೆ ಎನ್ನಬೇಡಿ. ಮೊದಲ ಹೆಜ್ಜೆಗೆ ಬೇಕಾದದ್ದು ಶಾಸನವನ್ನು ಗಟ್ಟಿಯಾಗಿ ಓದುವ ಒಬ್ಬ ಮೇಷ್ಟ್ರು, ಕೇಳುವ ಒಂದು ಓಣಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪರಂಪರೆಯ ಹೆಸರಿನಲ್ಲಿ ನಡೆಯುವ ಮೊದಲ ಕೆಲಸ ಸಾಮಾನ್ಯವಾಗಿ ಬಡವರ ಗುಡಿಸಲು ಕೀಳುವುದು. ಕೋಟೆಗೋಡೆಗೆ ಆತು ಮನೆ ಕಟ್ಟಿಕೊಂಡವರು ಅಲ್ಲಿಗೆ ಬಂದದ್ದು ಇತಿಹಾಸ ಕೆಡಿಸಲು ಅಲ್ಲ, ಬೇರೆ ಜಾಗವಿಲ್ಲದೆ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಹೇಳುತ್ತದೆ. ಊರೊಳಗಿನ ಕೋಟೆಗೆ ಇಂಥ ಅಳತೆಪಟ್ಟಿಯನ್ನೇ ಹಿಡಿದು ಹೊರಟರೆ ಊರೇ ಎದ್ದು ಹೋಗಬೇಕಾದೀತು. ಸರಿಯಾದ ಪುನರ್ವಸತಿ ಇಲ್ಲದ ತೆರವಿಗೆ ಒಪ್ಪದ, ಅಂದ್ರೂನ್ ಕಿಲ್ಲಾದ ನಿವಾಸಿಗಳನ್ನೇ ಮುಂದಿನ ಸಾಲಿನಲ್ಲಿ ಕೂರಿಸುವ ಸಮಿತಿಯನ್ನು ಮಾತ್ರ ನಾನು ನಂಬುತ್ತೇನೆ. ಆ ಗೋಡೆಯನ್ನು ದಿನಾ ನೋಡುವವರು ಅವರು. ರಾತ್ರಿ ಕಲ್ಲು ಕದ್ದರೆ ಮೊದಲು ಗೊತ್ತಾಗುವುದೂ ಅವರಿಗೇ.

ಮೂರು ಲಕ್ಷ ಅಥವಾ ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ 1992ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ 2.34 ಲಕ್ಷ. ಆಮೇಲೆ ಊರು ಬೆಳೆದಿದೆ, ನಗರಸಭೆ ಮಹಾನಗರ ಪಾಲಿಕೆಯಾಗಿದೆ. ಲೆಕ್ಕ ಮೂರು ಲಕ್ಷ ದಾಟಿದೆಯೇ ಎಂದು ಅಧಿಕಾರಿಗಳು ನೋಡಿಕೊಳ್ಳಲಿ. ಓಣಿಯವರು ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡಲು ಯಾವ ಕಾಯ್ದೆಯ ಅಪ್ಪಣೆಯೂ ಬೇಕಿಲ್ಲ. ಅಂದ್ರೂನ್ ಕಿಲ್ಲಾ, ಬೇರೂನ್ ಕಿಲ್ಲಾ, ಸಿಯಾತಲಾಬಿನ ಹಿರಿಯರಿಗೆ, ಹೆಣ್ಣುಮಕ್ಕಳಿಗೆ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಇಷ್ಟು: ಈ ಮಳೆಗಾಲ ಬರುವ ಮೊದಲು ನಿಮ್ಮ ಓಣಿಯ ಚರಂಡಿ ಎಲ್ಲಿ ಕಂದಕ ಸೇರುತ್ತದೆ ಎಂದು ನಡೆದು ನೋಡಿ, ಒಂದು ನಕ್ಷೆ ಬರೆಯಿರಿ, ಓಣಿಯವರೆಲ್ಲರ ಸಹಿ ಹಾಕಿಸಿ ಒಂದೇ ಅರ್ಜಿ ಕೊಡಿ. ಒಂದು ಪ್ರತಿ ಪಾಲಿಕೆಗೆ, ಒಂದು ಪುರಾತತ್ವ ಇಲಾಖೆಗೆ, ಒಂದು ಜಿಲ್ಲಾಧಿಕಾರಿಗಳಿಗೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.