ಕಂಪ್ಯೂಟರಿಗೆ ಹೊದಿಕೆ ಬೇಡ, ಬಿಸಿ ಬೇಕು

ಮಳೆಗಾಲ ಶುರುವಾಯಿತೆಂದರೆ ಮಲೆನಾಡಿನಲ್ಲಿ ಕಂಪ್ಯೂಟರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೀಳುತ್ತದೆ. ಮನೆಯಲ್ಲೂ ಹಾಗೇ, ಶಾಲೆಯಲ್ಲೂ ಹಾಗೇ. ಸಿಪಿಯು, ಮಾನಿಟರ್ ಎಲ್ಲವನ್ನೂ ಸುತ್ತಿ, ಕೋಣೆಗೆ ಬೀಗ ಹಾಕಿ, ಮಳೆ ಬಿಟ್ಟ ಮೇಲೆ ನೋಡೋಣ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಯಂತ್ರಗಳನ್ನು ಹಾಳು ಮಾಡುವುದರಲ್ಲಿ ಈ ಹೊದಿಕೆ ಮತ್ತು ಬೀಗ ಮಳೆಗಿಂತ ಒಂದು ಕೈ ಮುಂದು.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಟಾರ್ಪಾಲ್ ಕಟ್ಟಿಕೊಂಡು ಪಾಠ ಕೇಳಿದ್ದು ನೆನಪಿರಬಹುದು. ಈಗ ಆ ಟಾರ್ಪಾಲಿನ ಜಾಗಕ್ಕೆ ತೋಟದ ಶೆಡ್ ಬಂದಿದೆ. ಮನೆ ಇರುವುದು ತಗ್ಗಿನಲ್ಲಿ, ಸಿಗ್ನಲ್ ಸಿಗುವುದು ಮೇಲಿನ ಶೆಡ್ಡಿನಲ್ಲಿ. ತಗಡಿನ ಮಾಡು, ಬೆವರುವ ನೆಲ, ಒಂದು ಮೂಲೆಯಲ್ಲಿ ಅಡಿಕೆ ಚೀಲ, ಇನ್ನೊಂದರಲ್ಲಿ ಗೊಬ್ಬರ. ಅದೇ ಆಫೀಸು.

ನಮ್ಮೂರಿನ ಅಣ್ಣನೊಬ್ಬ ಹೀಗೇ ಶೆಡ್ಡಿನಲ್ಲಿ ಕುಳಿತು ಕೆಲಸ ಮಾಡುತ್ತಾನೆ. ಕಳೆದ ಆಗಸ್ಟ್‌ನಲ್ಲಿ ಅವನ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತಿತು. ಮಾಡು ಸೋರಿರಲಿಲ್ಲ, ಒಂದು ಹನಿ ನೀರೂ ಬಿದ್ದಿರಲಿಲ್ಲ. ರಿಪೇರಿಯವರು ಬಿಚ್ಚಿ ತೋರಿಸಿದಾಗ ಮದರ್‌ಬೋರ್ಡಿನ ತುಂಬ ಹಸಿರು ಕಿಲುಬು. ತೇವದಿಂದಾದ ಹಾನಿಗೆ ವಾರಂಟಿ ಇಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ಹೊಸದು ಬರುವ ತನಕ ಎರಡು ವಾರ ಸಂಬಳವಿಲ್ಲದ ರಜೆ. ಬೆಂಗಳೂರಿಗೇ ಬಂದುಬಿಡಿ ಎಂಬ ಮಾತೂ ಆಫೀಸಿನಿಂದ ಬಂತು. ವಯಸ್ಸಾದ ಅಪ್ಪ ಅಮ್ಮನನ್ನೂ ತೋಟವನ್ನೂ ಬಿಟ್ಟು ಅವನು ಹೋಗುವುದಾದರೂ ಹೇಗೆ?

ಹನಿ ಬೀಳದೆ ನೀರು ಬಂದದ್ದು ಗಾಳಿಯಿಂದ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಜುಲೈ ತಿಂಗಳ ಗಾಳಿಯ ತೇವಾಂಶ ಶೇ 90 ದಾಟುವುದು ದಿನನಿತ್ಯದ ಮಾತು. ರಾತ್ರಿ ತಗಡು ತಣ್ಣಗಾಗುತ್ತದೆ, ಜೊತೆಗೆ ಕಂಪ್ಯೂಟರಿನ ಲೋಹದ ಪೆಟ್ಟಿಗೆಯೂ. ಬೆಳಿಗ್ಗೆ ಹೊರಗಿನ ಗಾಳಿ ಅದಕ್ಕೆ ತಾಗಿದಾಗ, ಫ್ರಿಜ್‌ನಿಂದ ತೆಗೆದ ಲೋಟದ ಮೇಲೆ ಕೂರುವಂತೆ ನೀರು ಕೂರುತ್ತದೆ. ಒಳಗಿನ ದೂಳಿನ ಲವಣ ಆ ನೀರಿನಲ್ಲಿ ಕರಗಿ, ಮೇಲಿಂದ ಕರೆಂಟ್ ಹರಿದರೆ ಕಿಲುಬು ಹಿಡಿಯಲು ಇನ್ನೇನು ಬೇಕು? ಪ್ಲಾಸ್ಟಿಕ್ ಹೊದಿಸಿದರೆ ತೇವ ಹೊರಗೆ ಉಳಿಯುವುದಿಲ್ಲ, ಒಳಗೇ ಸಿಕ್ಕಿಬೀಳುತ್ತದೆ.

ಇದಕ್ಕೆ ಮದ್ದು ಬಿಸಿ. 24 ಡಿಗ್ರಿಯಲ್ಲಿ ಶೇ 90 ತೇವಾಂಶವಿರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ, ಒಂದು ಹನಿ ನೀರನ್ನೂ ಹೊರಹಾಕದೆ ಅದು ಸುಮಾರು ಶೇ 63ಕ್ಕೆ ಇಳಿಯುತ್ತದೆ. ಶೇ 80ರೊಳಗಿದ್ದರೆ ಹೆಚ್ಚಿನ ಕಂಪ್ಯೂಟರುಗಳಿಗೆ ತೊಂದರೆಯಿಲ್ಲ. ಅಷ್ಟು ಬಿಸಿಗೆ ಹೀಟರ್ ಬೇಕಿಲ್ಲ. ಹಳೆಯ ಮರದ ಕಪಾಟು, ಮೇಲೂ ಕೆಳಗೂ ನಾಲ್ಕಾರು ತೂತು, ತಳದಲ್ಲಿ ಒಂದು ಝೀರೋ ಬಲ್ಬ್. ಎಲ್‌ಇಡಿ ಅಲ್ಲ, ತಂತಿ ಉರಿಯುವ ಹಳೇ ಬಲ್ಬ್. ಹೆಸರಿಗೆ ಝೀರೋ ಆದರೂ ಅದು ಎಳೆಯುವುದು 12ರಿಂದ 15 ವಾಟ್. ಹಗಲೂ ರಾತ್ರಿ ಉರಿದರೂ ತಿಂಗಳಿಗೆ 11 ಯೂನಿಟ್ ದಾಟದು. ಬಲ್ಬಿನ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ, ಬಟ್ಟೆ, ಕಾಗದ ಹತ್ತಿರ ಬೇಡ. ಬೆಂಕಿಯ ವಿಷಯದಲ್ಲಿ ಸಲುಗೆ ಸಲ್ಲದು. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಡೆಸ್ಕ್‌ಟಾಪ್ ಆದರೆ ದಿನಾ ಎರಡು ಗಂಟೆಯಾದರೂ ಚಾಲೂ ಇರಲಿ, ಅದರ ಬಿಸಿಯೇ ಅದಕ್ಕೆ ಔಷಧ. ನೆಲದ ಮೇಲಿಡದೆ, ಗೋಡೆಗೂ ತಾಗಿಸದೆ ಮೇಜಿನ ಮೇಲಿಡಿ. ಎರಡು ದಿನ ಕರೆಂಟ್ ಹೋಗಿ ಬಂತೆನ್ನಿ, ಮೊದಲು ಬಲ್ಬ್ ಹಚ್ಚಿ. ಕಂಪ್ಯೂಟರ್ ಅರ್ಧ ದಿನ ಕಾಯಲಿ.

ಸಿಲಿಕಾ ಜೆಲ್ ಪೊಟ್ಟಣ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಇಡಲು ಅದು ಚೆನ್ನ. ತೆರೆದ ಶೆಡ್ಡಿನಲ್ಲಿ ಅದು ಹೊಳೆಗೆ ಸ್ಪಂಜ್ ಅದ್ದಿದ ಹಾಗೆ. ತೇವ ಹೀರುವ ಯಂತ್ರದ ಪಾಡೂ ಅದೇ. ತಗಡಿನ ಸಂದಿಯಿಂದ ಗಾಳಿ ನುಗ್ಗುತ್ತಲೇ ಇರುವಾಗ ಅದು ಇಡೀ ಊರನ್ನೇ ಒಣಗಿಸಬೇಕಾಗುತ್ತದೆ! ಯೂರಿಯಾ ಚೀಲವನ್ನು ಮಾತ್ರ ಆ ಕೋಣೆಯಿಂದ ಹೊರಗೆ ಸಾಗಿಸಿ, ಅದು ತೇವವನ್ನು ತಾನೇ ಕರೆದು ಕೂರಿಸಿಕೊಳ್ಳುತ್ತದೆ. ದನದ ಕೊಟ್ಟಿಗೆಗೆ ತಾಗಿದ ಕೋಣೆಯಂತೂ ಬೇಡವೇ ಬೇಡ. ಗಂಜಲದಿಂದೇಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ.

ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಬಚ್ಚಲ ಒಲೆಯ ಕಾವಿಗೆ ಕಂಬಳಿ. ಯಾವುದನ್ನೂ ಅವರು ಸುತ್ತಿ ಇಡಲಿಲ್ಲ, ಬೆಚ್ಚಗೆ ಇಟ್ಟರು. (ಹಾಗೆಂದು ಲ್ಯಾಪ್‌ಟಾಪನ್ನು ಹೊಗೆ ಅಟ್ಟಕ್ಕೆ ಏರಿಸಬೇಡಿ.) ಬಿ.ಇ. ತರಗತಿಯಲ್ಲಿ ಸರ್ಕ್ಯೂಟ್ ಬಿಡಿಸುತ್ತೇವೆ, ಆದರೆ ಆ ಸರ್ಕ್ಯೂಟ್ ನಮ್ಮೂರಿನ ಆಷಾಢವನ್ನು ಹೇಗೆ ದಾಟಬೇಕೆಂದು ಈವರೆಗೆ ಯಾರೂ ಹೇಳಿಲ್ಲ.

ಶಾಲೆಗಳ ಕಥೆ ಇನ್ನೂ ಬೇಸರದ್ದು. ಹಾಳಾದರೆ ಹೊಣೆ ಯಾರು ಎಂಬ ಹೆದರಿಕೆಗೆ ಶಿಕ್ಷಕರು ಬೀಗ ಹಾಕುತ್ತಾರೆ. ಹೆದರಿಕೆ ಸುಳ್ಳಲ್ಲ, ಆದರೆ ಬೀಗ ಹಾಕಿದ್ದಕ್ಕೇ ಅವು ಹಾಳಾಗುತ್ತವೆ. ಮಳೆ ರಜೆಯಲ್ಲೂ ದಿನಕ್ಕೊಂದು ಗಂಟೆ ಲ್ಯಾಬ್ ತೆರೆದು ಯಂತ್ರಗಳನ್ನು ಓಡಿಸಲು ಊರಿನ ಇಬ್ಬರು ಹುಡುಗರು ಸಾಕು. ಈ ಸಲ ಜೂನ್‌ಗೆ ಮೊದಲೇ ನಾನು ಓದಿದ ಪ್ರೌಢಶಾಲೆಗೆ ಹೋಗಿ, ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳುವವನಿದ್ದೇನೆ.