‘ಸಹಿಸಿಕೊಳ್ಳಿ’ ಎನ್ನುವುದು ಚಿಕಿತ್ಸೆಯಲ್ಲ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಇದ್ದಕ್ಕಿದ್ದಂತೆ ಝಳ ಏರುತ್ತದೆ. ಮೈ ಬೆವತು ತೊಪ್ಪೆಯಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಚಳಿ ಹುಟ್ಟಿಸಿ ಇಳಿದುಹೋಗುತ್ತದೆ. ಇದರ ಮೂಲ ಇರುವುದು ಮಿದುಳಿನಲ್ಲಿ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಕಡಿಮೆಯಾದಂತೆ ಹೈಪೋಥಾಲಮಸ್‌ನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ. ಅವು ಹೊರಡಿಸುವ ನ್ಯೂರೋಕೈನಿನ್-ಬಿ ಎಂಬ ರಾಸಾಯನಿಕ ದೇಹದ ಶಾಖದ ಹತೋಟಿಯನ್ನು ಕದಡುತ್ತದೆ. ಮೈಶಾಖ ಒಂದಿಷ್ಟು ಏರಿದರೂ ಮಿದುಳು ವಿಪರೀತ ಸೆಕೆಯೆಂದು ತಿಳಿದು ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಅಮೆರಿಕದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನವು 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪದೇ ಪದೇ ಝಳ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು 7.4 ವರ್ಷಕ್ಕೂ ಹೆಚ್ಚು ಕಾಲ ಕಾಡುತ್ತದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ದುಡಿದು ಮಕ್ಕಳನ್ನು ಓದಿಸುತ್ತಿರುವ, ಸಾಲದ ಕಂತು ಕಟ್ಟುತ್ತಿರುವ ವಯಸ್ಸು ಅದು.

ಪಶ್ಚಿಮ ಬೆಂಗಳೂರಿನಲ್ಲಿ ಈ ಏಳು ವರ್ಷಗಳನ್ನು ಸಾವಿರಾರು ಹೆಂಗಸರು ಹೊಲಿಗೆ ಯಂತ್ರದ ಮುಂದೆ ಕಳೆಯುತ್ತಾರೆ. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ, ಅತ್ತ ಪೀಣ್ಯದವರೆಗೆ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ. ಮೇಲೆ ತಗಡಿನ ಚಾವಣಿ, ಪಕ್ಕದಲ್ಲಿ ಇಸ್ತ್ರಿಯ ಹಬೆ, ಗಂಟೆಗೆ ಇಂತಿಷ್ಟು ಪೀಸು ಎಂಬ ಟಾರ್ಗೆಟ್. ಬಿಳಿ ಅಂಗಿಯ ಕಾಲರ್ ಹೊಲಿಯುತ್ತಿರುವವಳಿಗೆ ಝಳ ಬಂದರೆ ಮೊದಲು ಸೂಜಿಯ ಕೆಳಗಿನ ಬಟ್ಟೆಯನ್ನು ಸರಿಸಬೇಕು. ಬೆವರ ಹನಿ ಬಿದ್ದರೆ ಕಲೆ, ಕಲೆಯಾದರೆ ಪೀಸು ರಿಜೆಕ್ಟ್. ವೇಲಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಎಡಗಡೆ ಅರೆಹೊಲಿಗೆಯ ಕಟ್ಟುಗಳು ರಾಶಿ ಬಿದ್ದಿರುತ್ತವೆ, ಸೂಪರ್‌ವೈಸರ್ ಬೈಗುಳ ಶುರುವಾಗಿರುತ್ತದೆ. ರಾತ್ರಿ ಎರಡು ಮೂರು ಸಲ ಬೆವತು ಎದ್ದವಳು ನಸುಕಿಗೇ ಅಡುಗೆ ಮುಗಿಸಿ ಮತ್ತೆ ಬಸ್ಸು ಹತ್ತಬೇಕು. ಇಂಥವಳಿಗೆ ಮನೆಯಲ್ಲೂ, ಎಷ್ಟೋ ಕ್ಲಿನಿಕ್ಕುಗಳಲ್ಲೂ ಸಿಗುವ ಉತ್ತರ ಒಂದೇ: ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಸಹಿಸಿಕೊಳ್ಳಿ. ಬಿಪಿಯೂ ವಯಸ್ಸಿನ ಜತೆಗೆ ಬರುತ್ತದೆ, ಪ್ರಾಸ್ಟೇಟ್ ತೊಂದರೆಯೂ ಬರುತ್ತದೆ. ಅವುಗಳಿಗೆ ಯಾರೂ ಸಹನೆಯನ್ನು ಮದ್ದಾಗಿ ಬರೆದುಕೊಡುವುದಿಲ್ಲ.

ಮದ್ದು ಇದೆ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಹಾರ್ಮೋನ್ ಚಿಕಿತ್ಸೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಪರಾಮರ್ಶೆಯು ಡಮ್ಮಿ ಗುಳಿಗೆಗೆ ಹೋಲಿಸಿ ನೋಡಿ, ವಾರದಲ್ಲಿ ಬರುವ ಝಳಗಳ ಸಂಖ್ಯೆ ಹಾರ್ಮೋನಿನಿಂದ ಸುಮಾರು 75% ಇಳಿಯುತ್ತದೆಂದು ಕಂಡುಕೊಂಡಿತು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜತೆಗೆ ಪ್ರೊಜೆಸ್ಟರಾನ್ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಒಂದೇ ಸಾಕು. ಗುಳಿಗೆಯ ಬದಲು ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲಿ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಮೂಳೆ ಸವೆತವನ್ನೂ ಈ ಚಿಕಿತ್ಸೆ ತಡೆಯುತ್ತದೆ.

ಹಾರ್ಮೋನ್ ಎಂದ ಕೂಡಲೇ ‘ಕ್ಯಾನ್ಸರ್ ಬರುತ್ತದೆ’ ಎಂದು ಬಾಯಿ ಮುಚ್ಚಿಸುವವರು 2002ರಲ್ಲೇ ನಿಂತುಬಿಟ್ಟಿದ್ದಾರೆ. ಆ ವರ್ಷದ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪ್ರಯೋಗದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಆ ಭಾಗದಲ್ಲಿ ಇದ್ದವರು 16,608 ಹೆಂಗಸರು. ಅವರ ಸರಾಸರಿ ವಯಸ್ಸು 63. ಎರಡೂ ಹಾರ್ಮೋನ್ ಪಡೆದವರಲ್ಲಿ ವರ್ಷಕ್ಕೆ 10,000 ಮಂದಿಗೆ 38 ಸ್ತನ ಕ್ಯಾನ್ಸರ್, ಡಮ್ಮಿ ಗುಳಿಗೆ ನುಂಗಿದವರಲ್ಲಿ 30. ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಈಸ್ಟ್ರೋಜನ್ ಮಾತ್ರ ಪಡೆದ ಇನ್ನೊಂದು ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲೇ ಇಲ್ಲ. ದೀರ್ಘಕಾಲದ ಲೆಕ್ಕದಲ್ಲಿ ಕಡಿಮೆಯೇ ಆಯಿತು. ಆದರೆ ಪತ್ರಿಕೆಗಳ ತಲೆಬರಹಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅರವತ್ತಮೂರರ ಅಮೆರಿಕನ್ ಅಜ್ಜಿಯರ ಫಲಿತಾಂಶವನ್ನು ತಂದು ನಲವತ್ತೇಳರ ಕನ್ನಡದ ಹೆಣ್ಣಿನ ತಲೆಗೆ ಕಟ್ಟಲಾಯಿತು. ಮುಟ್ಟು ನಿಂತು ಹದಿನೈದು ವರ್ಷವಾದ ಮೇಲೆ ಚಿಕಿತ್ಸೆ ಶುರು ಮಾಡುವುದಕ್ಕೂ ಝಳ ಶುರುವಾದ ವರ್ಷವೇ ಶುರು ಮಾಡುವುದಕ್ಕೂ ವ್ಯತ್ಯಾಸವಿದೆ. 60 ವರ್ಷದೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದರೆ ಹೆಚ್ಚಿನವರಲ್ಲಿ ಲಾಭವೇ ಅಪಾಯಕ್ಕಿಂತ ಮಿಗಿಲು ಎಂಬುದು ಇಂದಿನ ತಜ್ಞ ಸಂಘಗಳ ನಿಲುವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2025ರ ನವೆಂಬರಿನಲ್ಲಿ ಈ ಔಷಧಗಳ ಲೇಬಲ್ಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸಲು ಹೊರಟಿತು. ಇಲ್ಲಿ ಹೆದರಿಸುವವರು ಮಾತ್ರ ಆ 63 ಎಂಬ ಅಂಕಿಯನ್ನು ಇಂದಿಗೂ ಹೇಳುವುದಿಲ್ಲ.

ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರು, ಯಕೃತ್ತಿನ ರೋಗ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಹಾರ್ಮೋನ್ ತೆಗೆದುಕೊಳ್ಳಬಾರದು. ಅವರಿಗೂ ದಾರಿಗಳಿವೆ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಕಡಿಮೆ ಪ್ರಮಾಣದಲ್ಲೇ ಝಳವನ್ನು ತಗ್ಗಿಸುತ್ತವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರಿಗೆ ಪ್ಯಾರಾಕ್ಸೆಟಿನ್ ಕೊಡಬಾರದು, ಆ ಔಷಧದ ಕೆಲಸಕ್ಕೇ ಅದು ಅಡ್ಡ ಬರುತ್ತದೆ. ರಾತ್ರಿಯ ಬೆವರಿಗೆ ಗ್ಯಾಬಾಪೆಂಟಿನ್ ಒದಗುತ್ತದೆ. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಉಪಯೋಗಕ್ಕೆ ಬರುತ್ತದೆ. ನ್ಯೂರೋಕೈನಿನ್ ದಾರಿಯನ್ನೇ ತಡೆಯುವ ಫೆಜೋಲಿನೆಟಂಟ್‌ಗೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಕೊಡುವಾಗ ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಝಳ ಬಂದಾಗ ಮನಸ್ಸು ಕುಗ್ಗದಂತೆ ತರಬೇತಿ ಕೊಡುವ ಸಿಬಿಟಿ ಎಂಬ ಆಪ್ತಸಮಾಲೋಚನೆಗೂ ಒಳ್ಳೆಯ ಪುರಾವೆ ಇದೆ.

ಪುರಾವೆ ಇಲ್ಲದ ಸರಕೇ ಹೆಚ್ಚು ಮಾರಾಟವಾಗುತ್ತದೆ. ವಿಜಯನಗರದಿಂದ ಬಸವೇಶ್ವರನಗರದವರೆಗೆ ಔಷಧದಂಗಡಿಯ ಮುಂಗಟ್ಟಿನಲ್ಲಿ ನಿಂತು ‘ಮುಟ್ಟು ನಿಂತಿದೆ, ಮೈಯೆಲ್ಲ ಉರಿ’ ಎಂದವಳ ಕೈಗೆ ಬರುವುದು ಸಿರಪ್ಪಿನ ಬಾಟಲಿ, ಸೋಯಾ ಸಾರದ ಕ್ಯಾಪ್ಸೂಲ್, ಶತಾವರಿ ಪುಡಿಯ ಡಬ್ಬಿ. ಉತ್ತರ ಅಮೆರಿಕದ ಮೆನೋಪಾಸ್ ಸಂಘವು 2023ರಲ್ಲಿ ಹಾರ್ಮೋನೇತರ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಝಳಕ್ಕೆ ಸೋಯಾ ಸಾರವನ್ನಾಗಲಿ ಗಿಡಮೂಲಿಕೆಯ ಪೂರಕಗಳನ್ನಾಗಲಿ ಶಿಫಾರಸು ಮಾಡಲಿಲ್ಲ. ಯೋಗವನ್ನೂ ಝಳದ ಚಿಕಿತ್ಸೆಯ ಪಟ್ಟಿಗೆ ಸೇರಿಸಲಿಲ್ಲ. ಯೋಗದಿಂದ ಬೇರೆ ಲಾಭಗಳಿರಬಹುದು, ಝಳಕ್ಕೆ ಅದು ಮದ್ದೆಂದು ಸಾಬೀತಾಗಿಲ್ಲ. ಡಮ್ಮಿ ಗುಳಿಗೆ ನುಂಗಿದವರಲ್ಲೂ ಝಳ ಗಣನೀಯವಾಗಿ ಇಳಿಯುತ್ತದೆಂಬುದು ಹಲವು ಪ್ರಯೋಗಗಳಲ್ಲಿ ಕಂಡ ಸಂಗತಿ. ಆ ಇಳಿಕೆಯ ಯಶಸ್ಸನ್ನು ತಮ್ಮದೆಂದು ಹೇಳಿಕೊಂಡು ಟಾನಿಕ್ ಕಂಪನಿಗಳು ಬಡವರ ದುಡ್ಡು ದೋಚುತ್ತಿವೆ. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದಿಂದ ಹೆಚ್ಚಿನವರಿಗೆ ಕೆಡುಕಿಲ್ಲ, ಬಾಯಾರಿಕೆ ತಣಿಯುತ್ತದೆ, ಅಷ್ಟೇ.

ಇದೇ ಉಪೇಕ್ಷೆಯ ಕ್ರೂರ ಮುಖ ಆಪರೇಷನ್ ಕೋಣೆಯಲ್ಲಿದೆ. ನಲವತ್ತರ ಆಸುಪಾಸಿನ ಹೆಣ್ಣು ಬಿಳಿಸೆರಗು, ಹೊಟ್ಟೆನೋವು, ಮುಟ್ಟಿನ ಏರುಪೇರು ಎಂದು ಹೋದರೆ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರಿಗೆ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಬಡ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪಗಳು ಕಳೆದ ದಶಕದಲ್ಲಿ ಬೀದಿ ಹೋರಾಟವಾದವು. ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಇದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಹೇಳಬೇಕಾಯಿತು. ಗರ್ಭಕೋಶದ ಜತೆ ಅಂಡಾಶಯವನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಎರಗುತ್ತದೆ. ಝಳ ಅತಿ ತೀವ್ರವಾಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಇವರಿಗೆ ಈಸ್ಟ್ರೋಜನ್ ಕೊಡಬೇಕು ಎಂಬುದರಲ್ಲಿ ತಜ್ಞರಿಗೆ ಗೊಂದಲವಿಲ್ಲ. ಕತ್ತರಿಸಿದವರೇ ಅದನ್ನು ಹೇಳದೆ ಮನೆಗೆ ಕಳಿಸುವುದು ಅಪರಾಧ.

ಕರ್ನಾಟಕ ಸರ್ಕಾರ 2025ರ ನವೆಂಬರಿನಲ್ಲಿ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ಆದೇಶ ಹೊರಡಿಸಿತು. 18ರಿಂದ 52 ವರ್ಷದವರಿಗೆ ಅದು ಅನ್ವಯ. ಒಳ್ಳೆಯ ಆದೇಶ. ಅದನ್ನು ವಿರೋಧಿಸಿ ಹೈಕೋರ್ಟಿಗೆ ಹೋದ ಮಾಲೀಕರಿಗೆ ಹೆಣ್ಣಿನ ದುಡಿಮೆ ಬೇಕು, ಹೆಣ್ಣಿನ ಮೈ ಬೇಡ. ಆದರೆ ನಲವತ್ತೇಳಕ್ಕೆ ಮುಟ್ಟು ನಿಂತವಳ ಪಾಲಿಗೆ ಆ ಆದೇಶದಲ್ಲಿ ಏನೂ ಇಲ್ಲ. ಪರ ವಿರೋಧದ ಅಷ್ಟೂ ಚರ್ಚೆಯಲ್ಲಿ ಅವಳ ಹೆಸರನ್ನು ಎತ್ತಿದವರು ವಿರಳ.

ಅವಳು ಚಿಕಿತ್ಸೆಯನ್ನು ಪುಕ್ಕಟೆ ಕೇಳುತ್ತಿಲ್ಲ. ತಿಂಗಳಿಗೆ 14,000 ರೂಪಾಯಿ ಸಂಬಳದವಳಿಂದ ಕಾರ್ಮಿಕರ ವಿಮೆಯಾದ ಇಎಸ್‌ಐಗೆ 0.75%, ಅಂದರೆ 105 ರೂಪಾಯಿ ಕಡಿತವಾಗುತ್ತದೆ. ಮಾಲೀಕ 3.25%, ಅಂದರೆ 455 ರೂಪಾಯಿ ಕಟ್ಟುತ್ತಾನೆ. ಆ ಹಣದಿಂದ ನಡೆಯುವ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವೈದ್ಯಕೀಯ ಕಾಲೇಜೂ ಇದೆ. ವಾರದಲ್ಲಿ ಒಂದು ಮಧ್ಯಾಹ್ನ ಮುಟ್ಟು ನಿಂತವರಿಗಾಗಿಯೇ ಅಲ್ಲೊಂದು ಕ್ಲಿನಿಕ್ ನಡೆಯಲಿ. ಬಿಪಿ ಅಳೆದು, ಮನೆತನದ ಕ್ಯಾನ್ಸರ್ ಇತಿಹಾಸ ಕೇಳಿ, ಸ್ತನ ಪರೀಕ್ಷೆ ಮಾಡಿ, ಹಾರ್ಮೋನ್ ಇರುವ, ಇಲ್ಲದ ಎರಡೂ ಬಗೆಯ ಔಷಧಗಳ ಲಾಭ ನಷ್ಟಗಳನ್ನು ಕನ್ನಡದಲ್ಲಿ ವಿವರಿಸಿ, ಆಯ್ಕೆಯನ್ನು ಅವಳಿಗೇ ಬಿಡಲಿ. ಕೆಂಗೇರಿ, ಪೀಣ್ಯದ ಕಡೆಯ ಇಎಸ್‌ಐ ಔಷಧಾಲಯಗಳಲ್ಲಿ ಈಸ್ಟ್ರಡಯಾಲ್, ಪ್ರೊಜೆಸ್ಟರಾನ್, ವೆನ್ಲಾಫ್ಯಾಕ್ಸಿನ್ ದಾಸ್ತಾನಿರಲಿ. ಕ್ಲಿನಿಕ್ಕಿಗೆ ಹೋದ ದಿನದ ಸಂಬಳ ಕಡಿತವಾಗದಂತೆ ಕಾರ್ಮಿಕ ಇಲಾಖೆ ಆದೇಶ ಮಾಡಲಿ.